ಅಳಿಸುವ ಮುನ್ನ

ಗಜೇಂದ್ರಗಡದ ರೆಕಾರ್ಡಿಂಗ್ ಸ್ಟುಡಿಯೊದಲ್ಲಿ ನಾನು ಹಾಡುಗಳನ್ನು ಎಡಿಟ್ ಮಾಡುತ್ತಿದ್ದಾಗ, ಕಂಪ್ಯೂಟರುಗಳ ಜವಾಬ್ದಾರಿ ಚಾಚಾ ಎಂದು ನಾವೆಲ್ಲ ಕರೆಯುತ್ತಿದ್ದ ಹಿರಿಯರದು. ಮೈಕಿಗೆ ಬಿದ್ದ ದನಿಯೆಲ್ಲ ಒಂದೇ ಡಿಸ್ಕಿನಲ್ಲಿ ಸೇರುತ್ತಿತ್ತು. ಅದನ್ನು ನಾವು ನಮ್ಮ ನಮ್ಮ ಕಂಪ್ಯೂಟರಿನಿಂದ ತೆರೆಯಬಹುದಿತ್ತು. ಯಾರಿಗೆ ಎಷ್ಟು ಅಧಿಕಾರ ಎಂಬುದನ್ನು ಮಾತ್ರ ಚಾಚಾ ನಿರ್ಧರಿಸುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, "ಕೇಳಾಕ ಎಲ್ಲಾರೂ ಬರ್ರಿ, ಅಳಸಾಕ ನನ್ನ ಕೇಳ್ರಿ" ಎನ್ನುತ್ತಿದ್ದರು.

ಒಮ್ಮೆ ಡಿಸ್ಕ್ ತುಂಬಿಹೋಯಿತು. ಹೊಳೆಮಣ್ಣೂರಿನ ಅಜ್ಜಿಯೊಬ್ಬಳ ಸೋಬಾನೆ ಪದಗಳು ಎಷ್ಟೋ ವರ್ಷಗಳಿಂದ ಅದರಲ್ಲಿದ್ದವು. ಅಳಿಸಲು ಹೋದರೆ, ಅನುಮತಿ ಇಲ್ಲ ಎಂದಿತು ಕಂಪ್ಯೂಟರ್. ಸಿಟ್ಟಿನಿಂದಲೇ ಚಾಚಾರ ಬಳಿ ಹೋದೆ.

"ಅವನ್ನ ಯಾರೂ ಕೇಳೂದಿಲ್ರಿ ಚಾಚಾ."

"ಹಾಡಿದಾಕೀನ್ನ ಒಂದ ಮಾತ ಕೇಳೀಯೇನು?"

ನಾನು ಕೇಳಿರಲಿಲ್ಲ. ಅವರು ಅಲ್ಲೇ ಫೋನ್ ಹಚ್ಚಿದರು. ಎತ್ತಿದವಳು ಅಜ್ಜಿಯ ಮಗಳು.

"ಅವ್ವ ತೀರಿಕೊಂಡ್ಳರಿ. ಮನ್ಯಾಗ ಹೊಳಿ ನೀರ ಬಂದಾಗ ಅಕೀ ಫೋಟೋನೂ ಹೋದ್ವು. ದನಿ ಐತೇನ್ರಿ ಅಣ್ಣಾರ?"

"ಐತಿ ತಂಗಿ, ಬಾ" ಎಂದರು ಚಾಚಾ.

ಮರುದಿನವೇ ಆಕೆ ಬಂದಳು. ಚಾಚಾ ಸ್ಪೀಕರ್ ಹಚ್ಚಿದರು. ಪದ ಶುರುವಾಗುವ ಮೊದಲು ಅಜ್ಜಿಯ ಮಾತು ಕೇಳಿಸಿತು: "ಬಾಗಲಾ ಮುಚ್ಚವಾ, ಗಾಳಿ ಬರತೈತಿ."

ಮಗಳು ತಟ್ಟನೆ ಎದ್ದು ಸ್ಟುಡಿಯೊದ ಬಾಗಿಲು ಮುಚ್ಚಿದಳು. "ಮುಚ್ಚೀನಬೇ" ಎಂದವಳೇ ಸೆರಗಿನಿಂದ ಬಾಯಿ ಒತ್ತಿಹಿಡಿದು ಕುಳಿತಳು.

ಚಾಚಾ ಪದ ಮುಂದಕ್ಕೆ ಹೋಗುವ ಮೊದಲೇ ನಿಲ್ಲಿಸಿ, ಆ ಮಾತನ್ನು ಇನ್ನೊಮ್ಮೆ ಹಚ್ಚಿದರು.