ನನ್ನ ಎಲಿ ವ್ಯಾಪಾರ

ನಾನು ಎಲೆ ವ್ಯಾಪಾರಿ ಎಂದು ನಂಬಿದವರು ಮಸಗುಪ್ಪಿಯಲ್ಲಿ ಇವತ್ತಿಗೂ ಇದ್ದಾರೆ. ಬಸ್ಸಿನಿಂದ ಇಳಿದರೆ ಸಾಕು, ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬರಾದರೂ ಈ ಸಲ ಎಲೆಯ ದರ ಹೇಗಿದೆ ಎಂದು ಕೇಳುತ್ತಾರೆ. ನಾನು ಒಂದು ದರ ಹೇಳುತ್ತೇನೆ. ಅದು ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ, ಯಾಕೆಂದರೆ ಬರುವ ಮುಂಚೆ ಗೋಕಾಕದ ಪೇಟೆಯಲ್ಲಿ ಕೇಳಿಕೊಂಡೇ ಬಂದಿರುತ್ತೇನೆ. ವೀಳ್ಯದೆಲೆಯನ್ನು ನಾನು ಜೀವನದಲ್ಲಿ ಒಂದು ದಿನವೂ ಮಾರಿದವನಲ್ಲ. ಆ ಹೆಸರು ಹೇಗೆ ಬಂತೆಂದು ಹೇಳಹೋದರೆ ಅತ್ತೆಯ ಮಾತು ಬರುತ್ತದೆ, ಅತ್ತೆಯ ಮಾತು ಬಂದರೆ ಪೆನ್ನು ಕೆಳಗಿಟ್ಟು ಎದ್ದುಬಿಡುತ್ತೇನೆ. ಅದಕ್ಕೇ ಇಷ್ಟು ದಿನ ಬರೆದಿರಲಿಲ್ಲ.

ಅತ್ತೆ ಎಂದರೆ ನಮ್ಮ ಅಪ್ಪನ ಅಕ್ಕ. ನಮ್ಮ ಮನೆ ಬೆಲ್ಲದ ಬಾಗೇವಾಡಿಯಲ್ಲಿ. ಅಣ್ಣಂದಿರು ಈಗಲೂ ಅಲ್ಲೇ ಹೊಲ ಮಾಡಿಕೊಂಡಿದ್ದಾರೆ. ನಾನೊಬ್ಬ ಮಾತ್ರ ಐದನೇ ಇಯತ್ತೆಯಿಂದ ಮಸಗುಪ್ಪಿಯಲ್ಲಿ ಅತ್ತೆಯ ಹತ್ತಿರ ಬೆಳೆದೆ. ಮಾವ ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. ಆಕೆಗೆ ಮಕ್ಕಳಿರಲಿಲ್ಲ, ಎರಡು ಎಮ್ಮೆಗಳಿದ್ದವು. ನನ್ನ ಟ್ರಂಕು ಒಳಗಿಟ್ಟ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೂರನೆಯದು ಬಂತು ಎಂದಿದ್ದಳು. ಮೂವರಿಗೂ ಒಂದೇ ನ್ಯಾಯ ಇತ್ತು. ಹೊತ್ತಿಗೆ ಸರಿಯಾಗಿ ಮೇವು, ಹೊತ್ತಿಗೆ ಸರಿಯಾಗಿ ಬೈಗುಳ. ಡೇರಿಗೆ ಹಾಲು ಹಾಕಿ ಬಂದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಆಕೆ ಪೂಜೆಗೆ ಕೂತರೆ ಎಮ್ಮೆಗಳೂ ಒದರುತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಹೊಸ್ತಿಲ ಮೇಲೆ ಕೂತು ಎಲೆಯ ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆಗ ಏನು ಕೇಳಿದರೂ ಹೂಂ ಅನ್ನುತ್ತಿದ್ದಳು. ನನ್ನ ಬೇಡಿಕೆಗಳನ್ನೆಲ್ಲ ನಾನು ಆ ಹೊತ್ತಿಗೇ ಎತ್ತಿಡುತ್ತಿದ್ದೆ.

ಮುಂದೆ ಗೋಕಾಕದಲ್ಲಿ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ ನನಗೆ ಕೆಲಸ ಸಿಕ್ಕಿತು. ಹಿಂದುಗಡೆ ಬಿಡಿಭಾಗಗಳ ಕೋಣೆ, ಅದಕ್ಕೆ ನಾನು ಯಜಮಾನ. ಬೇರಿಂಗು, ಫಿಲ್ಟರು, ಕ್ಲಚ್ ಪ್ಲೇಟುಗಳ ನಡುವೆ ಎಂಟು ವರ್ಷ ಕಳೆದೆ. ಆ ಕೋಣೆಯ ಗ್ರೀಸ್ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ಎರಡು ನಿಮಿಷ ನಿಂತುಬಿಡುತ್ತೇನೆ. ಮಧ್ಯಾಹ್ನ ಡಬ್ಬಿ ಬಿಚ್ಚಿ ಉಂಡಾದ ಮೇಲೆ ನಾವು ನಾಲ್ಕು ಮಂದಿ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಪೋಕರ್ ಎಂಬ ಇಸ್ಪೀಟಾಟ ಆಡುತ್ತಿದ್ದೆವು. ಪುಣೆಯಲ್ಲಿ ಕೆಲಸ ಮಾಡಿ ಬಂದಿದ್ದ ಮೆಕ್ಯಾನಿಕ್ ಒಬ್ಬ ಕಲಿಸಿದ್ದು. ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಕಾಣುವ ಐದು ಎಲೆ, ಉಳಿದದ್ದೆಲ್ಲ ಮುಖ ನೋಡುವ ವಿದ್ಯೆ. ಪಣಕ್ಕೆ ಶೇಂಗಾ. ದಿನಾ ಗೆಲ್ಲುತ್ತಿದ್ದವನು ನಾನು. ಎದುರಿಗಿದ್ದವರ ಶೇಂಗಾ ಎಲ್ಲ ಗೆದ್ದು, ಆಮೇಲೆ ನಾಲ್ವರೂ ಸೇರಿ ಅದನ್ನೇ ತಿಂದು ಕೆಲಸಕ್ಕೇಳುತ್ತಿದ್ದೆವು. ಅಷ್ಟು ಸುಖದ ಜೂಜನ್ನು ನಾನು ಮತ್ತೆ ಆಡಲಿಲ್ಲ.

ಶೋರೂಮು ಮುಚ್ಚಿತು. ಮಾಲೀಕರು ನಮ್ಮನ್ನೆಲ್ಲ ಕೂಡಿಸಿ ಚಹಾ ಕುಡಿಸಿ ಹೇಳಿದರು. ಉಳಿದ ಮೂವರು ವಾರದೊಳಗೆ ಎಲ್ಲೆಲ್ಲೋ ಸೇರಿಕೊಂಡರು. ನನ್ನ ಮೂಗು ಸ್ವಲ್ಪ ಮೇಲಿತ್ತು. ಎಂಟು ವರ್ಷ ಯಜಮಾನನಾಗಿ ಕೂತವನು ಯಾವುದೋ ಅಂಗಡಿಯಲ್ಲಿ ಹೊಸಬನಾಗಿ ನಿಲ್ಲುವುದೇ ಎಂದು ನನ್ನ ಬಾಡಿಗೆ ಕೋಣೆಯಲ್ಲಿ ಕೂತೆ. ಮೊಬೈಲಿನಲ್ಲಿ ರೊಕ್ಕವಿಟ್ಟು ಪೋಕರ್ ಆಡುವುದನ್ನು ಸರ್ಕಾರ ಇನ್ನೂ ನಿಲ್ಲಿಸಿರದ ದಿನಗಳು ಅವು. ಶೇಂಗಾದಲ್ಲಿ ಗೆದ್ದವನು ರೊಕ್ಕದಲ್ಲಿ ಯಾಕೆ ಗೆಲ್ಲಬಾರದು ಎಂದುಕೊಂಡೆ. ಮೊದಲ ತಿಂಗಳು ಖರೆ ಹೇಳುತ್ತೇನೆ, ಗೆದ್ದೆ. ನನ್ನ ಹಳೆಯ ಪಗಾರದಷ್ಟೇ ಬಂತು. ಆ ತಿಂಗಳೇ ನನ್ನನ್ನು ಕೆಡಿಸಿದ್ದು. ಸೋತಿದ್ದರೆ ಆಗಲೇ ಎದ್ದು ಹೋಗಿರುತ್ತಿದ್ದೆ.

ಇದು ಬರೀ ಅದೃಷ್ಟದ ಆಟ ಅಲ್ಲ, ತಲೆಯ ಆಟ, ಆದ್ದರಿಂದ ಇದೂ ಒಂದು ಕೆಲಸ ಎಂದು ನನಗೆ ನಾನೇ ವಾದ ಹೂಡುತ್ತಿದ್ದೆ. ವಾದ ಪೂರ್ತಿ ಸುಳ್ಳೂ ಆಗಿರಲಿಲ್ಲ. ತಾಳ್ಮೆಯಿದ್ದವನು ಗೆಲ್ಲುತ್ತಾನೆ. ಆದರೆ ಕೋಣೆಯ ಬಾಡಿಗೆ ಅದೇ ರೊಕ್ಕದಿಂದಲೇ ಬರಬೇಕು ಎಂದಾದಾಗ ತಾಳ್ಮೆ ಎಲ್ಲಿಂದ ಬರಬೇಕು? ಶೇಂಗಾ ಇಟ್ಟಾಗ ಒಳ್ಳೆಯ ಎಲೆ ಬರುವವರೆಗೆ ಕಾಯುತ್ತಿದ್ದೆ. ಬಾಡಿಗೆ ಇಟ್ಟಾಗ ಕೆಟ್ಟ ಎಲೆಯೂ ಒಳ್ಳೆಯದರಂತೆ ಕಾಣತೊಡಗಿತು. ಎರಡನೆಯ ತಿಂಗಳು ಅರ್ಧ ಬಂತು. ಮೂರನೆಯ ತಿಂಗಳು ನಾನು ಊರಿಗೆ ಹೋಗುವುದನ್ನೇ ತಪ್ಪಿಸಿದೆ.

ಆಗಲೇ ಅತ್ತೆಯ ಫೋನು ಬಂತು. ಈಗ ಏನು ಮಾಡುತ್ತಿದ್ದೀ ಎಂದು ಕೇಳಿದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ, ಖರೆ ಹೇಳಲು ಧೈರ್ಯ ಬರಲಿಲ್ಲ.

"ಎಲಿ ಮ್ಯಾಲೆ ನಡದೈತಿ, ಅತ್ತಿ" ಎಂದೆ.

ನಮ್ಮ ಕಡೆ ಇಸ್ಪೀಟಿಗೂ ಎಲಿ ಅನ್ನುತ್ತಾರೆ, ವೀಳ್ಯಕ್ಕೂ ಎಲಿ ಅನ್ನುತ್ತಾರೆ. ಅತ್ತೆ ತನಗೆ ಗೊತ್ತಿದ್ದ ಎಲೆಯನ್ನೇ ಹಿಡಿದಳು.

"ಎಲಿ ಚಲೋ. ಕಾರ್ಯ ಇದ್ದಲ್ಲೆಲ್ಲಾ ಎಲಿ ಬೇಕ. ಮಂದಿ ಉಣ್ಣೂದ ಬಿಟ್ಟಾರು, ಎಲಿ ಹಾಕೂದ ಬಿಡೂದಿಲ್ಲ" ಎಂದಳು. ಆಕೆಯ ದನಿಯಲ್ಲಿ ಅಷ್ಟು ಸಂತೋಷವಿತ್ತು. ಅದನ್ನು ಅಲ್ಲಿಯೇ ತಿದ್ದಬೇಕಿತ್ತು. ನಾನು ಎಮ್ಮೆಗಳು ಹೇಗಿವೆ ಎಂದು ಕೇಳಿದೆ.

ವಾರದೊಳಗೆ ಇಡೀ ಓಣಿಗೆ ಸುದ್ದಿಯಾಗಿತ್ತು. ಎದುರು ಮನೆಯ ಬಸುರಿ ಸೊಸೆಯ ಕುಬಸದ ಕಾರ್ಯಕ್ಕೆ ಐದು ಕಟ್ಟು ಎಲೆ ತರಬೇಕೆಂದು ಅತ್ತೆಯಿಂದ ಅಪ್ಪಣೆ ಬಂತು. ನಾನು ಗೋಕಾಕದ ಪೇಟೆಗೆ ಹೋಗಿ, ಒದ್ದೆ ಗೋಣಿಯ ಮೇಲೆ ಎಲೆ ಹರವಿಕೊಂಡು ಕೂತಿದ್ದ ಮುದುಕಿಯ ಹತ್ತಿರ ಕೇಳಿದ ದರಕ್ಕೆ ಐದು ಕಟ್ಟು ಎತ್ತಿಕೊಂಡೆ. ಚೌಕಾಸಿ ಮಾಡದ ಗಿರಾಕಿಯನ್ನು ನೋಡಿ ಆಕೆಗೇ ಅನುಮಾನ ಬಂದಿರಬೇಕು. ಮಸಗುಪ್ಪಿಯಲ್ಲಿ ಆ ಎಲೆಗೆ ಆದ ಮರ್ಯಾದೆ ಏನು ಹೇಳಲಿ. ನಮ್ಮ ಹುಡುಗ ತಂದದ್ದು, ನೋಡ್ರಿ ಹೆಂಗ ಐತಿ ಎಂದು ಅತ್ತೆ ಒಂದೊಂದು ಎಲೆಯನ್ನೂ ಎತ್ತಿ ಬೆಳಕಿಗೆ ಹಿಡಿದು ತೋರಿಸುತ್ತಿದ್ದಳು. ಎದುರು ಮನೆಯವರು ಕೊಟ್ಟ ರೊಕ್ಕದಲ್ಲಿ ಲಾಭ ಹಿಡಿದುಕೊಂಡೆಯೋ ಇಲ್ಲವೋ ಎಂದು ಗುಟ್ಟಾಗಿ ಕೇಳಿದಳು. ಹಿಡಿದುಕೊಂಡೆ ಎಂದೆ. ಆ ಒಂದು ಮಾತಿನ ನಾಚಿಕೆ ನನಗೆ ಇನ್ನೂ ಹೋಗಿಲ್ಲ.

ಅದೇ ದಿನಗಳಲ್ಲಿ ನಮ್ಮ ದೊಡ್ಡಣ್ಣ ಹುಕ್ಕೇರಿಯ ಒಂದು ಪಂಪ್‌ಸೆಟ್ ಅಂಗಡಿಯಲ್ಲಿ ನನಗಾಗಿ ಮಾತಾಡಿಟ್ಟಿದ್ದ. ಮೋಟಾರಿನ ಬಿಡಿಭಾಗ ಬಲ್ಲವರು ಬೇಕಾಗಿದ್ದರು. ಪಗಾರ ಹಳೆಯದಕ್ಕಿಂತ ಕಡಿಮೆ. ಸೋಮವಾರದೊಳಗೆ ಹೂಂ ಅನ್ನಬೇಕು, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ನಾನು ಅಣ್ಣನಿಗೆ ನೋಡೋಣ ಎಂದಿದ್ದೆ. ನನ್ನ ಲೆಕ್ಕವೇ ಬೇರೆ ಇತ್ತು. ಕೈಯಲ್ಲಿ ಸ್ವಲ್ಪ ದೊಡ್ಡ ಮೊತ್ತ ಇದ್ದಿದ್ದರೆ ಮೊಬೈಲಿನ ಆಟದಲ್ಲಿ ಹೆಚ್ಚು ಪಣದ ದೊಡ್ಡ ಮೇಜಿನಲ್ಲಿ ಕೂತು, ಒಂದೇ ತಿಂಗಳಲ್ಲಿ ಮೂರು ತಿಂಗಳದ್ದನ್ನು ಎತ್ತುತ್ತಿದ್ದೆ ಎಂದು ಮನಸ್ಸು ಒಂದೇ ಸವನೆ ಹೇಳುತ್ತಿತ್ತು.

ಸೋಮವಾರಕ್ಕೆ ಎರಡು ದಿನ ಮುಂಚೆ, ಶನಿವಾರ, ಅತ್ತೆ ನನ್ನನ್ನು ಕರೆಸಿದಳು. ಹೋದರೆ ಕೊಟ್ಟಿಗೆಯಲ್ಲಿ ಒಂದೇ ಎಮ್ಮೆ ಇತ್ತು. ಇನ್ನೊಂದೆಲ್ಲಿ ಎಂದು ಕೇಳಿದರೆ ಊಟ ಮಾಡು ಎಂದಳು. ಉಂಡ ಮೇಲೆ ಬಟ್ಟೆಯ ಗಂಟೊಂದನ್ನು ತಂದು ನನ್ನ ಮುಂದಿಟ್ಟಳು. ಮೂಡಲಗಿ ಸಂತೆಯಲ್ಲಿ ಎಮ್ಮೆ ಮಾರಿದ ರೊಕ್ಕ. ಪೇಟೆಯಲ್ಲಿ ನಿನಗೊಂದು ಸ್ವಂತ ಕಟ್ಟೆ ಹಿಡಿ, ಎಷ್ಟು ದಿನ ಮಂದಿಯ ಕೈಯಿಂದ ಎತ್ತಿ ಮಾರುತ್ತೀ ಎಂದಳು. ನನ್ನ ಕೈ ಗಂಟಿನ ಮೇಲೆ ಹೋಯಿತು. ಹೋಯಿತು ಎಂದು ಬರೆಯುವುದು ಸುಲಭ, ನಾನೇ ಇಟ್ಟೆ. ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ಅತ್ತೆಯಲ್ಲ, ದೊಡ್ಡ ಮೇಜು.

ಅತ್ತೆ ಹೊಸ್ತಿಲ ಮೇಲೆ ಕೂತು ತನ್ನ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಮುಂದಿನ ತಿಂಗಳು ಓಣಿಯಲ್ಲಿ ಒಂದು ಲಗ್ನ ಇದೆ, ಎರಡು ಸಾವಿರ ಎಲೆಯಾದರೂ ಬೇಕು ಎಂದು ಹೇಳುತ್ತ, ಸಹಜವಾಗಿ ಕೇಳಿದಳು.

"ನಿಮ್ಮ ಗೋಕಾಕದಾಗ ಒಂದ ಕಟ್ಟಿಗಿ ಎಷ್ಟ ಎಲಿ?"

"ಐವತ್ತೆರಡು" ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಸ್ಸಿನಲ್ಲಿ ಬರುವಾಗಲೂ ಆಡುತ್ತಲೇ ಬಂದಿದ್ದೆ, ನಾಲಿಗೆಯ ಮೇಲೆ ಇಸ್ಪೀಟಿನ ಕಟ್ಟೇ ಇತ್ತು. ಪೇಟೆಯ ಮುದುಕಿಯ ಹತ್ತಿರ ಕಟ್ಟು ಎತ್ತಿದವನೇ ಹೊರತು ಎಣಿಸಿದವನಲ್ಲ. ಎಲ್ಲ ಕಡೆ ಕಟ್ಟಿಗೆ ನೂರು ಎಲೆ. ನಮ್ಮ ಓಣಿಯ ಕೂಸುಗಳಿಗೂ ಗೊತ್ತಿದ್ದ ಲೆಕ್ಕ ಅದು.

ಅತ್ತೆಯ ಕೈ ನಿಂತಿತು. ಮಡಚಿದ ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ತಟ್ಟೆಯಲ್ಲಿಟ್ಟಳು. ಎದ್ದು ಹೋಗಿ ಉಳಿದ ಎಮ್ಮೆಗೆ ನೀರು ತೋರಿಸಿದಳು, ತುಸು ಹೊತ್ತು ಅದರ ಬೆನ್ನು ಉಜ್ಜಿದಳು. ತಿರುಗಿ ಬಂದು ನನ್ನ ಎದುರಿಗೆ ಕೂತಳು.

"ಐವತ್ತೆರಡ ಎಲಿ ಕಟ್ಟ ನಾನೂ ನೋಡೇನಿ. ನಿಮ್ಮ ಮಾವನ ಅಂಗಿ ಕಿಸೇದಾಗ ಇರ್ತಿತ್ತ" ಎಂದಳು.

ಶೇಂಗಾ ಪಣದ ಆಟದಲ್ಲಿ ವರ್ಷಗಟ್ಟಲೆ ಮುಖದಲ್ಲಿ ಏನೂ ತೋರಗೊಡದೆ ಕೂರುವುದನ್ನೇ ಅಭ್ಯಾಸ ಮಾಡಿದವನು ನಾನು. ಆ ವಿದ್ಯೆ ಆಗ ಒಂದಿಷ್ಟೂ ನೆರವಿಗೆ ಬರಲಿಲ್ಲ. ಮುಖವೆಲ್ಲ ಸುಡತೊಡಗಿತು. ಅತ್ತೆ ಬೈಯಲಿಲ್ಲ. ಬೈದಿದ್ದರೆ ನನಗೆ ಬದುಕಿದಂತಾಗುತ್ತಿತ್ತು. ಮಾವ ಇಸ್ಪೀಟು ಆಡುತ್ತಿದ್ದರೆಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ದೀಪಾವಳಿಯ ಮೂರು ದಿನ ಎಲ್ಲರೂ ಆಡುತ್ತಾರೆ, ಮಾವನಿಗೆ ವರ್ಷಪೂರ್ತಿ ದೀಪಾವಳಿಯಾಗಿತ್ತಂತೆ. ಅದನ್ನೂ ಆಕೆ ಸಿಟ್ಟಿನಿಂದ ಹೇಳಲಿಲ್ಲ.

"ಒಮ್ಮಿ ಅದರಾಗಿಂದ ಒಂದ ಎಲಿ ತಗದ ಬ್ಯಾಳಿ ಡಬ್ಬ್ಯಾಗ ಹುಗದಿದ್ನಿ. ಆಟ ಆಗಲಿಲ್ಲಂತ. ಆವತ್ತ ಮನ್ಯಾಗ ನನ್ನ ಬಾಜೂ ಕುಂತ ಊಟಾ ಮಾಡಿದ್ರು" ಎಂದಳು.

ಆಮೇಲೆ ಗಂಟನ್ನು ಇನ್ನಷ್ಟು ನನ್ನ ಕಡೆಗೆ ಸರಿಸಿದಳು.

"ಒಯ್ಯಬ್ಯಾಡ ಅನ್ನೂದಿಲ್ಲ. ನಿನ್ನ ಸಲುವಾಗೇ ಎಮ್ಮಿ ಮಾರೇನಿ. ಯಾವ ಎಲಿಗಿ ಅಂತ ಅಷ್ಟ ಹೇಳಿ ಒಯ್ಯಿ."

ಗಂಟನ್ನು ಅಲ್ಲಿಯೇ ಬಿಟ್ಟು ಎದ್ದೆ. ಚಪ್ಪಲಿ ಮೆಟ್ಟುವಾಗ ಕಣ್ಣು ಮಂಜಾಗಿ ಎಡದ್ದನ್ನು ಬಲಕ್ಕೆ ಹಾಕಿಕೊಂಡಿದ್ದೆ. ಅತ್ತೆ ಅದನ್ನು ತೋರಿಸಿ ನಕ್ಕಳು. ನಗುವಿನ ನಡುವೆ ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು. ಬಸ್ ನಿಲ್ದಾಣದಲ್ಲಿ ನಿಂತೇ ಅಣ್ಣನಿಗೆ ಫೋನು ಮಾಡಿ ಸೋಮವಾರ ಬರುತ್ತೇನೆ ಎಂದೆ. ಮೊಬೈಲಿನಲ್ಲಿದ್ದ ಆಟವನ್ನು ಅದೇ ಬಸ್ಸಿನಲ್ಲಿ ಅಳಿಸಿ ಹಾಕಿದೆ ಎಂದು ಹೇಳಿದರೆ ಚೆನ್ನಾಗಿರುತ್ತಿತ್ತು, ಆದರೆ ಅದಕ್ಕೆ ಇನ್ನೂ ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನ ಅದನ್ನು ತೆರೆಯಲಿಲ್ಲ ಎಂಬುದಷ್ಟೇ ನನ್ನ ಹೆಚ್ಚುಗಾರಿಕೆ.

ಹುಕ್ಕೇರಿಯ ಅಂಗಡಿಯಲ್ಲಿ ಈಗಲೂ ಇದ್ದೇನೆ. ಹೊಸಬನಾಗಿ ನಿಂತಿದ್ದು ನಾಲ್ಕು ದಿನ, ಐದನೆಯ ದಿನ ಯಾವ ಡಬ್ಬಿಯಲ್ಲಿ ಯಾವ ವಾಷರು ಇದೆ ಎಂದು ಮಾಲೀಕರೇ ನನ್ನನ್ನು ಕೇಳತೊಡಗಿದರು. ಪಗಾರ ಸಣ್ಣದಿತ್ತು, ಆದರೆ ಅದು ಬರುವ ತಾರೀಕು ಗೊತ್ತಿತ್ತು. ಎರಡು ಎಲೆ ಕೈಯಲ್ಲಿ ಹಿಡಿದು ಮೂರು ತಿಂಗಳು ಕಾಯ್ದವನಿಗೆ ಆ ತಾರೀಕಿನ ಬೆಲೆ ಏನೆಂದು ಬೇರೆಯವರು ಹೇಳಬೇಕಿಲ್ಲ.

ಅತ್ತೆ ಆ ರೊಕ್ಕದಲ್ಲಿ ಬೇರೆ ಎಮ್ಮೆ ತಂದಳು. ಅದು ಒದೆಯುವ ಎಮ್ಮೆ, ಹಾಲೂ ಕಡಿಮೆ. ಅದಕ್ಕೆ ಎಲಿ ಎಮ್ಮಿ ಎಂದು ಹೆಸರಿಟ್ಟಳು. ಅದು ಒದ್ದಾಗಲೆಲ್ಲ ನನಗೆ ಫೋನು ಬರುತ್ತಿತ್ತು. ಆದರೆ ಓಣಿಯಲ್ಲಿ ಯಾರಿಗೂ ಖರೆ ಸಂಗತಿ ಹೇಳಲಿಲ್ಲ. ನಾನು ಎಲೆ ವ್ಯಾಪಾರಿಯಾಗಿಯೇ ಉಳಿದೆ. ಅದಕ್ಕೆ ದಂಡ ಎಂದೋ ಏನೋ, ಮಸಗುಪ್ಪಿಗೆ ಬರುವಾಗಲೆಲ್ಲ ಒಂದು ಕಟ್ಟು ಎಲೆ ತರಲೇಬೇಕೆಂದು ಕಟ್ಟಳೆ ಮಾಡಿದಳು. ತಂದ ಕಟ್ಟನ್ನು ಹೊಸ್ತಿಲ ಮೇಲೆ ಕೂತು ನನ್ನ ಮುಂದೆಯೇ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸುತ್ತ ಜೋರಾಗಿ ಎಣಿಸುತ್ತಿದ್ದಳು. ಐವತ್ತೆರಡಕ್ಕೆ ಬಂದಾಗ ನಿಲ್ಲಿಸುತ್ತಿದ್ದಳು. ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದಳು. ನಾನು ಐವತ್ತಮೂರು ಎಂದ ಮೇಲೆಯೇ ಮುಂದಿನ ಎಲೆ ಎತ್ತುತ್ತಿದ್ದಳು. ಒಂದು ಸಲವೂ ತಪ್ಪಿಸಲಿಲ್ಲ.

ಹೋದ ವರ್ಷ ಅತ್ತೆ ಹೋದಳು. ಅಂತ್ಯಕ್ರಿಯೆಗೆ ಬೇಕಾದ ಎಲೆಯನ್ನು ತರಲು ಎಲ್ಲರೂ ನನಗೇ ಹೇಳಿದರು, ವ್ಯಾಪಾರಿ ಮನೆಯಲ್ಲೇ ಇದ್ದಾನಲ್ಲ. ಗೋಕಾಕದ ಪೇಟೆಯಿಂದ ತಂದು, ಅದೇ ಹೊಸ್ತಿಲ ಮೇಲೆ ಕೂತು, ಕಟ್ಟು ಬಿಚ್ಚಿ ಒರೆಸತೊಡಗಿದೆ. ಐವತ್ತೆರಡರವರೆಗೆ ಎಣಿಸಿದೆ. ಮುಂದೆ ಎಣಿಸಲಾಗಲಿಲ್ಲ. ಮುಂದಿನ ಎಲೆಯನ್ನು ಎತ್ತಿಕೊಂಡು, ಒರೆಸಿದ್ದನ್ನೇ ಒರೆಸುತ್ತ ಕೂತೆ. ದೊಡ್ಡಣ್ಣ ಬಂದು, ಲೆಕ್ಕ ತಪ್ಪಿತೇನು ಎಂದು ಕೇಳಿದ. ಇಲ್ಲ, ಐವತ್ತೆರಡಾಯಿತು ಎಂದೆ. ಅವನು ಪಕ್ಕದಲ್ಲಿ ಕೂತು, ನನ್ನ ಕೈಯಲ್ಲಿದ್ದ ಎಲೆಯನ್ನು ತೆಗೆದುಕೊಂಡು, ಏನೂ ತಿಳಿಯದೆ, ಐವತ್ತಮೂರು ಎಂದ.