ಬೆಳಕಿಗೊಂದು ಎಲೆ

ಭಾಗಮಂಡಲದ ಮಾಯಿಲಪ್ಪನಿಗೆ ದೂರದ ವೀಕ್ಷಣಾಲಯದಲ್ಲಿ ಕೆಲಸ. ಗೆಲಾಕ್ಸಿಗಳ ಬೆಳಕು ಗಾಜಿನ ಫಲಕದ ಮೇಲೆ ಗೆರೆಗೆರೆಯಾಗಿ ಮೂಡಿರುತ್ತದೆ. ಗೆರೆ ನೋಡಿ ಅವನು ಜಾತಿ ವಿಂಗಡಿಸಬೇಕು. ಬೆಳಕಿಗೂ ಜಾತಿಯೇನೋ ಎಂದು ಬಾಲ್ಯದ ಗೆಳೆಯನಾದ ನಾನು ಕೆಣಕುತ್ತಿದ್ದೆ. 1964ರಲ್ಲಿ ಒಂದು ಫಲಕ ಯಾವ ಗುಂಪಿಗೂ ಸೇರಲಿಲ್ಲ. ಸೋಮವಾರದೊಳಗೆ ಜಾತಿ ಬರೆ, ಇಲ್ಲವೇ ಎಸೆ ಎಂದರು ಸಾಹೇಬರು. ಎಸೆಯಲು ಅವನಿಗೆ ಮನಸ್ಸಿರಲಿಲ್ಲ. ಹಿರಿಯರಿಗೆ ಎಡೆಯಿಡುವ ದಿನ ಅದನ್ನೂ, ಹೋಲಿಸಲು ಜಾತಿ ಗೊತ್ತಿದ್ದ ಹಳೆಯದೊಂದು ಫಲಕವನ್ನೂ ಹಿಡಿದು ಮನೆಗೆ ಬಂದ. ನಾನೂ ಊಟಕ್ಕೆ ಹೋಗಿದ್ದೆ.

ಅವನ ತಾಯಿ ಬೊಳ್ಳಮ್ಮ ಎರಡನ್ನೂ ಕಿಟಕಿಗೆ ಹಿಡಿದು ನೋಡಿದರು.

"ಎರಡೂ ಒಂದೇ ಮನೆದ್ ಮಗಾ. ಗೆರೆಯ ಸಾಲು ಅದೇ. ಇದ್ ಮಾತ್ರ ಅತ್ತ ಸರ್ದುಟ್ಟು."

ಮಾಯಿಲಪ್ಪ ಎರಡನ್ನೂ ಒಂದರ ಮೇಲೊಂದಿಟ್ಟು ನೋಡಿದ. "ಗೆರೆ ಇಷ್ಟು ಸರಿಯಕ್ಕಾರೆ ಬೆಳಕು ತುಂಬಾ ದೂರದ್ದವ್ವ. ಮನುಷ್ಯರು ಹುಟ್ಟುವ ಮೊದಲೇ ಹೊರಟ ಬೆಳಕು."

"ಹಂಗಾರೆ ಅದ್ನ ಕಳಿಸಿದವ ಈಗ ಬದುಕಿ ಒಳನಾ?"

"ಗೊತ್ಲೆ."

"ಅವಂಗೆ ಅನ್ನ ಇಡೋರು ಯಾರೂ ಇಲ್ಲೆ," ಎಂದು ಬೊಳ್ಳಮ್ಮ ಹಿರಿಯರ ಎಲೆಗಳ ಸಾಲಿನಲ್ಲಿ ಇನ್ನೊಂದು ಎಲೆ ಹಾಕಿ ಅನ್ನ ಬಡಿಸಿದರು.

ಸತ್ತವರು ಉಣ್ಣುತ್ತಾರೆಂದು ನಾನು ನಂಬಿದವನಲ್ಲ. ಪದ್ಧತಿಯಂತೆ ಬಾಗಿಲು ಮುಚ್ಚಿ ಹೊರಗೆ ಸ್ವಲ್ಪ ಹೊತ್ತು ಕಾದೆವು. ತೆರೆದಾಗ ಹಿರಿಯರ ಎಲೆಗಳಲ್ಲಿ ಅನ್ನ ಇನ್ನೂ ಹಬೆಯಾಡುತ್ತಿತ್ತು. ಆ ಒಂದೆಲೆ ಮಾತ್ರ ತರಗೆಲೆಯಾಗಿತ್ತು. ಅದರ ಮೇಲಿನ ಅನ್ನ, ಬಡಿಸಿ ಎಷ್ಟೋ ಯುಗ ಕಳೆದಂತೆ, ಮುಟ್ಟಿದರೆ ಪುಡಿಯಾಗುತ್ತಿತ್ತು.

ಸೋಮವಾರ ಮಾಯಿಲಪ್ಪ ಹಳೆಯ ಫಲಕದ ಜಾತಿಯನ್ನೇ ಅದಕ್ಕೂ ಬರೆದ. ಎಡೆಯ ದಿನ ಆ ಮನೆಯಲ್ಲಿ ಈಗಲೂ ಒಂದು ಎಲೆ ಹೆಚ್ಚು. ಬಾಗಿಲು ತೆರೆಯುವಾಗ ನಾನು ಅಂಗಳದಲ್ಲೇ ಉಳಿಯುತ್ತೇನೆ.