ಐದಡಿ ಹಾಸಿಗೆ

ನನ್ನ ಹೆಂಡತಿ ನನಗಿಂತ ನಾಲ್ಕು ಇಂಚು ಎತ್ತರ. ಈ ಸಂಗತಿಯನ್ನು ನಾನು ಮದುವೆಯ ದಿನದಿಂದಲೇ ಮುಚ್ಚಿಟ್ಟುಕೊಂಡು ಬಂದವನು. ಮದುವೆಯ ಫೋಟೋದಲ್ಲಿ ನಾನು ಮಣೆಯ ಮೇಲೆ ನಿಂತಿದ್ದೇನೆ. ಫೋಟೋ ತೆಗೆಯುವವನು ಮಣೆ ಕಾಣದ ಹಾಗೆ ಮೊಣಕಾಲಿನಿಂದ ಮೇಲಕ್ಕೆ ಮಾತ್ರ ತೆಗೆದು ದೊಡ್ಡ ಉಪಕಾರ ಮಾಡಿದ. ಆಮೇಲೆ ಮೂವತ್ತೊಂದು ವರ್ಷ ನಾನು ಹೋಟೆಲಿನ ಗಲ್ಲಾದ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕೂತಿದ್ದೆ, ಅವಳು ಮಾಳಿಗೆಯ ಮೇಲಿದ್ದಳು. ಪಕ್ಕಪಕ್ಕದಲ್ಲಿ ನಿಲ್ಲುವ ಪ್ರಸಂಗವೇ ಬರಲಿಲ್ಲ. ಕೊನೆಗೆ ನನ್ನ ಗುಟ್ಟು ರಟ್ಟು ಮಾಡಿದ್ದು ನಾನೇ ಕೈಯಾರೆ ಕಟ್ಟಿದ ಒಂದು ಗಾಡಿ.

ನಮ್ಮದು ತ್ರಿಪ್ಲಿಕೇನಿನ ಗಲ್ಲಿಯೊಂದರಲ್ಲಿ ಸಸ್ಯಾಹಾರಿ ಹೋಟೆಲು. ಉಡುಪಿ ಕಡೆಯಿಂದ ಬಂದವರು ಮದ್ರಾಸಿನಲ್ಲಿ ಬೇರೇನು ಮಾಡುತ್ತಾರೆ? ಕೆಳಗೆ ಹೋಟೆಲು, ಮಾಳಿಗೆಯ ಎರಡು ಕೋಣೆಯಲ್ಲಿ ಸಂಸಾರ. ಸಾರಿನ ಪುಡಿ, ಹುಳಿಪುಡಿಯ ಡಬ್ಬಿಗಳು ಹೆಂಡತಿಯ ವಶ. ಅದರ ಹದವನ್ನು ಅವಳು ಅಡಿಗೆಯವರಿಗೂ ಬಿಟ್ಟುಕೊಡಲಿಲ್ಲ, ನನಗೂ ಬಿಟ್ಟುಕೊಡಲಿಲ್ಲ. ಅದಕ್ಕೆ ಶಿಕ್ಷೆಯೆಂಬಂತೆ ದಿನಕ್ಕೆ ಇಪ್ಪತ್ತು ಸಲ ಕೆಳಗಿನಿಂದ "ಅಕ್ಕಾ" ಎಂಬ ಕೂಗು ಬರುತ್ತಿತ್ತು. ನಿದ್ದೆಯಲ್ಲಿದ್ದರೂ ಕಣ್ಣು ಬಿಡುವ ಮೊದಲೇ "ಬಂದೆ" ಎಂದು ಎದ್ದು ಕೂರುತ್ತಿದ್ದಳು. ಎಷ್ಟೋ ಸಲ ಯಾರೂ ಕರೆದಿರುತ್ತಿರಲಿಲ್ಲ. ಬೀದಿಯಲ್ಲಿ ಸೊಪ್ಪಿನವಳು ಕೂಗಿದ್ದಕ್ಕೂ ಇವಳದು "ಬಂದೆ." ನಾನು ಅದನ್ನು ಮಗಳ ಎದುರು ಅಣಕಿಸಿ ನಗುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೊಣಕಾಲು ಕೆಟ್ಟ ಮೇಲೆ ಹೋಟೆಲನ್ನು ತಮ್ಮನಿಗೆ ಒಪ್ಪಿಸಿದೆ. ಅಲ್ಲಿಯವರೆಗೆ ನಾವಿಬ್ಬರೂ ಒಟ್ಟಿಗೆ ಊರು ಬಿಟ್ಟದ್ದು ಯಾರದಾದರೂ ಮದುವೆಗೆ, ಇಲ್ಲವೇ ಯಾರದಾದರೂ ಹನ್ನೆರಡನೆಯ ದಿನಕ್ಕೆ. ಜಮೀನುದಾರನ ಗತ್ತಿನಲ್ಲಿ ಹೆಂಡತಿಯನ್ನು ಕೇಳಿದೆ, "ಎಲ್ಲಿಗೆ ಹೋಗುವ, ಹೇಳು. ಕಾಶಿಯಾ, ಸಿಂಗಾಪುರವಾ?"

"ನಂಗೆ ಕಾಶಿಯೂ ಬೇಡ, ಎಂತದೂ ಬೇಡ ಮಾರಾಯ್ರೆ," ಎಂದಳು. "ಯಾರೂ ಕರೀದ ಜಾಗದಲ್ಲಿ ಕಾಲು ಚಾಚಿ ಒಂದು ನಿದ್ದೆ ಮಾಡ್ಬೇಕು. ನಾನಾಗಿ ಏಳುವವರೆಗೆ. ಅಷ್ಟು ಮಾಡಿಕೊಡ್ಲಿಕ್ಕೆ ಆಗ್ತದಾ ನಿಮ್ಗೆ?"

ಆಗುತ್ತದೆ ಎಂದೆ. ಲಾಡ್ಜು ಎಂದರೆ ಬೆಳಿಗ್ಗೆ ಆರಕ್ಕೇ ಕಾಫಿ ಬೇಕಾ ಎಂದು ಬಾಗಿಲು ಬಡಿಯುತ್ತಾರೆ. ನೆಂಟರ ಮನೆ ಎಂದರೆ ಹುಳಿಪುಡಿ ಮಾಡಿಕೊಡು ಎಂದು ಕೂರಿಸುತ್ತಾರೆ. ಹಾಗಾದರೆ ಎಲ್ಲಿ? "ಬರುವ ವರ್ಷ ಹೋಗುವ" ಎಂದು ವರ್ಷವರ್ಷ ಹೇಳಿ ನನ್ನ ಮಾತಿಗೆ ಮನೆಯಲ್ಲಿ ಕಿಲುಬು ಹಿಡಿದಿತ್ತು. ಇದೊಂದು ಮಾತು ತಪ್ಪಿದರೆ ಅವಳು ಜಗಳ ಆಡುವವಳಲ್ಲ, ಇನ್ನು ಮುಂದೆ ಏನನ್ನೂ ಕೇಳುವುದನ್ನೇ ಬಿಟ್ಟುಬಿಡುತ್ತಾಳೆ ಎಂದು ನನಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ ಹೆದರಿದ್ದೆ.

ಆಗ ಮಗಳು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಶೋಳಿಂಗನಲ್ಲೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಕೆಲಸ ಅವಳದು. ವಿಡಿಯೋದಲ್ಲಿ ನೀರಿನ ಹನಿಯನ್ನು ಅಡ್ಡ ಮಲಗಿಸಿದಂಥ ಪುಟ್ಟ ಗಾಡಿ. ಮುಂಭಾಗದಲ್ಲಿ ಹಾಸಿಗೆ, ಹಿಂದೆ ಮುಚ್ಚಳ ಎತ್ತಿದರೆ ಅಡಿಗೆಯ ಕಟ್ಟೆ. ಕಾರಿನ ಹಿಂದೆ ಕಟ್ಟಿ ಎಳೆದರೆ ಕಲ್ಲು, ಮಣ್ಣು, ಹೊಂಡ ಯಾವುದನ್ನೂ ಲೆಕ್ಕಿಸದೆ ಬರುತ್ತದಂತೆ.

"ರೆಡಿಮೇಡೇ ಕಿಡೈಕ್ಕುಮ್ ಪಾ, ವಾಂಗಿಡಲಾಮ್," ಎಂದಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರಿಸುತ್ತಾಳೆ, ನಮ್ಮ ಮನೆಯ ಪದ್ಧತಿಯೇ ಹಾಗೆ. ಕೊಂಡುಕೊಂಡರಾಯಿತಂತೆ! ದೋಸೆ ಕಾವಲಿಯಿಂದ ನೀರಿನ ಟಾಂಕಿಯವರೆಗೆ ಹೋಟೆಲಿನ ಎಲ್ಲವನ್ನೂ ಎದುರು ನಿಂತು ಮಾಡಿಸಿದವನು ನಾನು. ಚಕ್ರವಿರುವ ಒಂದು ಡಬ್ಬಿ ಮಾಡಿಸಲು ಇನ್ನೊಬ್ಬನ ಬಾಗಿಲಿಗೆ ಹೋಗಬೇಕೇ?

ಪಲ್ಲಾವರಂನಲ್ಲಿ ನಮ್ಮ ಹೋಟೆಲಿಗೆ ಒಲೆ, ಕಪಾಟು ಮಾಡಿಕೊಡುತ್ತಿದ್ದ ವೆಲ್ಡಿಂಗಿನವನೊಬ್ಬನಿದ್ದ. ಅವನ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಗುಜರಿಗೆ ಹೋದ ಸಣ್ಣ ಗೂಡ್ಸ್ ಗಾಡಿಯಿಂದ ಆಕ್ಸಲ್ ಮತ್ತು ಪ್ಲೇಟಿನ ಸ್ಪ್ರಿಂಗು ಸಿಕ್ಕವು. ಚಕ್ರಗಳು ಜೀಪಿನವು. ಕಬ್ಬಿಣದ ಚೌಕಟ್ಟಿನ ಮೇಲೆ ಪ್ಲೈವುಡ್, ಅದರ ಮೇಲೆ ಅಲ್ಯೂಮಿನಿಯಂ ತಗಡು. ಅಲ್ಲಿನ ವಾರದ ಸಂತೆಯಲ್ಲಿ ಹಳೆಯ ಬಸ್ಸಿನ ಕಿಟಕಿಯೊಂದನ್ನು ಹಿಡಿದೆ. ಅದರ ಗಾಜಿನ ಮೇಲೆ ಕೈ ಹೊರಗೆ ಚಾಚಬೇಡಿ ಎಂದು ತಮಿಳಿನಲ್ಲಿ ಬರೆದದ್ದನ್ನು ಉಜ್ಜಿದರೂ ಹೋಗಲಿಲ್ಲ, ಹಾಗೆಯೇ ಕೂರಿಸಿದೆವು.

ಇನ್ನು ನಕಾಶೆ. ನಮ್ಮವರು ಹೋಟೆಲು ಕಟ್ಟುವ ಕ್ರಮ ಒಂದಿದೆ. ಮೊದಲು ಒಲೆ ಎಲ್ಲಿ ಎಂದು ನೋಡಬೇಕು. ಆಮೇಲೆ ರುಬ್ಬುವ ಕಲ್ಲು, ಆಮೇಲೆ ನೀರು, ಆಮೇಲೆ ಕಾಫಿ ಕಟ್ಟೆ. ಮನುಷ್ಯರು ಮಲಗುವುದು ಉಳಿದ ಜಾಗದಲ್ಲಿ. ನಾನು ಹದಿನಾರನೆಯ ವಯಸ್ಸಿಗೆ ಈ ಊರಿಗೆ ಬಂದು ಆರು ವರ್ಷ ಜೋಡಿಸಿದ ಎರಡು ಮೇಜಿನ ಮೇಲೆ ಕಾಲು ಮಡಚಿಯೇ ಮಲಗಿದವನು. ಈಗಲೂ ಹಾಗೆಯೇ ಮಲಗುತ್ತೇನೆ, ದೊಡ್ಡ ಮಂಚದಲ್ಲೂ. ಆದ್ದರಿಂದ ಗಾಡಿಯ ಬಾಲದಲ್ಲಿ ಎರಡು ಉರಿಯ ಒಲೆ ಇಟ್ಟೆ. ಕಲ್ಲಿನ ಗ್ರೈಂಡರ್ ಇಟ್ಟೆ, ಅದಕ್ಕೆ ಬ್ಯಾಟರಿ ಮತ್ತು ಇನ್ವರ್ಟರ್ ಇಟ್ಟೆ. ಹದಿನಾರು ಇಡ್ಲಿಯ ಪಾತ್ರೆ, ದಪ್ಪ ಕಾವಲಿ, ಹಿತ್ತಾಳೆಯ ಫಿಲ್ಟರು, ನೀರಿನ ಎರಡು ಕ್ಯಾನು. ಇಬ್ಬರಿಗೆ ಹದಿನಾರು ಇಡ್ಲಿ ಯಾಕೆ ಎಂಬ ಯೋಚನೆ ನನ್ನ ತಲೆಗೆ ಸುಳಿಯಲೇ ಇಲ್ಲ.

"ಎಲ್ಲಾಮ್ ಸರಿ ಸಾರ್. ಪಡುಕ್ಕುರದು ಎಂಗೆ?" ಎಂದು ವೆಲ್ಡಿಂಗಿನವನು ಕೇಳಿದ. ಮಲಗುವುದೆಲ್ಲಿ ಎಂದು.

ಉಳಿದದ್ದು ಐದಡಿ. ನಾನು ಒಳಗೆ ಹೋಗಿ ಕಾಲು ಮಡಚಿ ಮಲಗಿ ನೋಡಿದೆ. ಧಾರಾಳ ಜಾಗ ಎಂದು ತೀರ್ಪು ಕೊಟ್ಟೆ. ಒಂದು ಭಾನುವಾರ ಮಗಳು ಬಂದು ಸುತ್ತು ಹಾಕಿ, ಭಾರ ಚಕ್ರದ ಮುಂದಕ್ಕೆ ಬರಬೇಕು, ನೀನು ಎಲ್ಲವನ್ನೂ ಹಿಂದಕ್ಕೆ ತುರುಕಿದ್ದೀಯ, ಬ್ಯಾಲೆನ್ಸ್ ಇಲ್ಲ ಎಂದಳು. ಒಂದೇ ಕೈಯಲ್ಲಿ ಆರು ದೋಸೆತಟ್ಟೆ ಹೊತ್ತು ಮೆಟ್ಟಿಲು ಹತ್ತಿದವನಿಗೆ ಬ್ಯಾಲೆನ್ಸಿನ ಪಾಠ! ಅವಳಿಗೆ ಕಾಫಿ ಕುಡಿಸಿ ಕಳಿಸಿಬಿಟ್ಟೆ.

ಗಾಡಿಯ ಕಾಗದಪತ್ರಕ್ಕೆ ಅಲೆದ ಕಥೆಯನ್ನು ಇಲ್ಲಿ ಹೇಳುವುದಿಲ್ಲ, ನನ್ನ ರಕ್ತದೊತ್ತಡಕ್ಕೆ ಒಳ್ಳೆಯದಲ್ಲ. ಅಂತೂ ಒಂದು ಬೆಳಿಗ್ಗೆ ಹೆಂಡತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಅವಳು ಹೊಸ ದಿಂಬು ಹೊಲಿದಿದ್ದಳು. ಅದನ್ನು ಹಿಂದೆ ಹಾಕದೆ ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಚೆಂಗಲ್ಪಟ್ಟಿನ ಹತ್ತಿರ ಪೊಲೀಸಿನವನು ಕೈ ಅಡ್ಡ ಮಾಡಿ, ಗಾಡಿಯ ಸುತ್ತ ಬಂದು, ಹಿಂದಿನ ಮುಚ್ಚಳ ಎತ್ತಿಸಿ ನೋಡಿ, ಟಿಫನ್ ಅಂಗಡಿ ಎಲ್ಲಿ ಹಾಕುತ್ತೀರಿ ಎಂದು ವಿಚಾರಿಸಿದ. ನಾನು ಮುಖ ಗಂಟು ಹಾಕಿಕೊಂಡು ಇದು ಮಲಗುವ ಗಾಡಿ ಎಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ. ಅಲ್ಲಿಂದ ಮುಂದೆ ಗಾಡಿ ಬಾಲ ಅಲ್ಲಾಡಿಸುತ್ತಾ ಬಂತು. ಗಾಳಿ ಜಾಸ್ತಿ ಎಂದು ಹೆಂಡತಿಗೆ ಹೇಳಿದೆ. ಮರದ ಎಲೆಯೊಂದೂ ಅಲ್ಲಾಡುತ್ತಿರಲಿಲ್ಲ.

ಡಾಂಬರು ಮುಗಿದು, ನಾನು ಮೊದಲೇ ನೋಡಿಟ್ಟಿದ್ದ ಕೆರೆಗೆ ಹೋಗುವ ಮಣ್ಣಿನ ದಾರಿಯಲ್ಲಿ ಮಾತ್ರ ಗಾಡಿ ನನ್ನ ಮಾನ ಉಳಿಸಿತು. ಹೊಂಡಕ್ಕೆ ಇಳಿಯಿತು, ಹತ್ತಿತು, ಕಲ್ಲಿನ ಮೇಲೆ ಕುಣಿಯಿತು, ಒಂದು ಮೊಳೆಯೂ ಸಡಿಲವಾಗಲಿಲ್ಲ. ನಾನು ಉಬ್ಬಿಹೋದೆ. ಕೆರೆಯ ದಂಡೆಯ ಮೇಲೆ, ಹುಣಸೆಮರದ ನೆರಳಿನಲ್ಲಿ ಕಾರಿನಿಂದ ಬಿಚ್ಚಿ ನಿಲ್ಲಿಸಿದೆ. ಮುಂದಿನ ಮೂತಿಗೆ ಆಸರೆಯಾಗಿ ಒಂದು ಕಬ್ಬಿಣದ ಕಾಲು ಕೊಟ್ಟೆ. ಹಿಂದೆಯೂ ಕಾಲು ಬೇಕೆಂದು ನನಗೆ ತೋಚಿರಲಿಲ್ಲ. ಹೆಂಡತಿ ದಿಂಬು ಹಿಡಿದು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು.

ಸ್ವಲ್ಪ ಹೊತ್ತು ಒಳಗಿನಿಂದ ದಡಬಡ ಸದ್ದು ಬಂತು. ಉದ್ದಕ್ಕೆ ಮಲಗಿದರೆ ಕಾಲು ಗೋಡೆಗೆ ಒದೆಯುತ್ತಿತ್ತು, ಅಡ್ಡಕ್ಕೆ ಮಲಗಿದರೆ ತಲೆ ಬಾಗಿಲಿಗೆ ಬಡಿಯುತ್ತಿತ್ತು. ಕೊನೆಗೆ ತಿರುಗಿ, ಅಡಿಗೆಯ ಗೋಡೆಗೆ ಬೆನ್ನು ಕೊಟ್ಟು ಮುದುಡಿಕೊಂಡಳೆಂದು ಕಾಣುತ್ತದೆ. ಅದೇ ಹೊತ್ತಿಗೆ ನಾನು ಹಿಂದೆ ಮುಚ್ಚಳ ಎತ್ತಿ, ಅವಳಿಗೆ ಕಾಫಿ ಮಾಡುವ ಉಮೇದಿನಲ್ಲಿ ಎರಡು ಕೈಯನ್ನೂ ಕಟ್ಟೆಯ ಮೇಲೆ ಊರಿ ಬಗ್ಗಿದೆ. ಗಾಡಿಯ ಮೂತಿ ಆಕಾಶಕ್ಕೆ ಎದ್ದಿತು. ಬಾಲ ನೆಲಕ್ಕೆ ಕುಕ್ಕರಿಸಿತು. ಮನೆಯಿಂದ ತಂದಿದ್ದ ದೋಸೆಹಿಟ್ಟು ಅಷ್ಟೂ ನನ್ನ ಪಾದಕ್ಕೆ ಅಭಿಷೇಕವಾಯಿತು, ಹೆಂಡತಿ ದಿಂಬಿನ ಸಮೇತ ಅದೇ ಗೋಡೆಯ ಮೇಲೆ ಅಂಗಾತ ಬಿದ್ದಳು.

ಪೆಟ್ಟಾಗಿರಲಿಲ್ಲ, ಪುಣ್ಯ. ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ ನಾಲ್ಕು ಜನ ಓಡಿಬಂದು ಗಾಡಿಯನ್ನು ಒತ್ತಿ ಸಮ ಮಾಡಿ, ಹಿಂದಕ್ಕೆ ಎರಡು ಕಲ್ಲು ಕೊಟ್ಟರು. ಹೆಂಡತಿ ಕೆಳಗಿಳಿದು ಸೀರೆ ಸರಿಮಾಡಿಕೊಂಡು ಮರದ ಬುಡದಲ್ಲಿ ನಿಂತಳು. ಬಂದವರಲ್ಲಿ ಒಬ್ಬ ಒಲೆ, ಫಿಲ್ಟರು, ಇಡ್ಲಿಪಾತ್ರೆಗಳನ್ನು ನೋಡಿ, "ಅಣ್ಣೇ, ಟಿಫನ್ ಎನ್ನ ಇರುಕ್ಕು?" ಎಂದ. ತಿಂಡಿ ಏನಿದೆ ಎಂದು.

ಆ ಕ್ಷಣದಲ್ಲಿ ನಾನು ಮಾಡಿದ್ದನ್ನು ಬರೆಯಲು ಕಷ್ಟವಾಗುತ್ತದೆ. ನನ್ನ ಕೈ ತಾನಾಗಿ ಹೆಗಲ ಮೇಲಿನ ಬಟ್ಟೆ ತೆಗೆದು ಕಟ್ಟೆ ಒರೆಸಿತು. "ಹಿಟ್ಟು ಚೆಲ್ಲಿತು, ಉಪ್ಪಿಟ್ಟು ಆಗುತ್ತದೆ, ಹತ್ತು ನಿಮಿಷ," ಎಂದು ನನ್ನ ಬಾಯಿ ತಮಿಳಿನಲ್ಲಿ ಹೇಳಿತು. ರವೆ ಹುರಿದೆ. ನಾಲ್ವರಿಗೂ ಉಪ್ಪಿಟ್ಟು, ಕಾಫಿ ಆಯಿತು. ಐದನೆಯವನೂ ಬಂದ. ಸಾಸಿವೆ ಸಿಡಿಯುವಾಗ ಕರಿಬೇವು ಸಿಗದೆ ತಲೆಯೆತ್ತದೆ ಕೂಗಿದೆ, "ಏ, ಕರಿಬೇವು ಎಲ್ಲಿಟ್ಟಿದ್ದೀ?"

"ಬಂದೆ," ಎಂದಳು ಹೆಂಡತಿ.

ಕರಿಬೇವಿನ ಡಬ್ಬಿ ತಂದು ನನ್ನ ಕೈಗೆ ಕೊಟ್ಟಳು. ಅವರೆಲ್ಲ ತಿಂದು ಕೈ ತೊಳೆದು ಹೋದ ಮೇಲೆ ಹೇಳಿದಳು, "ಪುನಃ ಮಾಳಿಗೆಗೇ ಕರ್ಕೊಂಡು ಬಂದಿದ್ದೀರಿ ನನ್ನನ್ನು. ಈ ಮಾಳಿಗೆಗೆ ಚಕ್ರ ಉಂಟು, ಅಷ್ಟೇ."

ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹಿಂದಿರುಗುವ ದಾರಿಯುದ್ದಕ್ಕೂ ಅವಳು ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಮನೆಗೆ ಬಂದು ಮೆಟ್ಟಿಲು ಹತ್ತುವ ಮೊದಲೇ ಕೆಳಗಿನಿಂದ "ಅಕ್ಕಾ, ಸಾರಿನ ಪುಡಿ" ಎಂದು ಕೂಗಿದರು. ಆ ವಾರವಿಡೀ ಅವಳು ನನ್ನನ್ನು ಏನನ್ನೂ ಕೇಳಲಿಲ್ಲ. ನಾನು ಹೆದರಿದ್ದು ಅದಕ್ಕೇ.

ಮರುವಾರ ಪಲ್ಲಾವರಂಗೆ ಹೋಗಿ ಅಡಿಗೆಮನೆಯನ್ನು ಕಿತ್ತೆ. ಒಲೆ, ಗ್ರೈಂಡರು, ಇನ್ವರ್ಟರು, ಕಾವಲಿ ಎಲ್ಲವೂ ತಮ್ಮನ ಹೋಟೆಲಿಗೆ ಹೋದವು. ಕಟ್ಟೆ ಕೀಳುವಾಗ ನನ್ನ ಹಲ್ಲು ಕೀಳುತ್ತಿದ್ದಾರೋ ಎನಿಸಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಮನೆಗೆ ಫೋನು ಮಾಡಿ, ಒಂದು ಸಲ ಇಲ್ಲಿಗೆ ಬಾ, ಅಳತೆ ಬೇಕು ಎಂದೆ. "ಎಂತದ್ದರ ಅಳತೆ?" ಎಂದಳು. ನಿನ್ನದು ಎಂದೆ.

ಮಗಳ ಜೊತೆ ಬಂದಳು. ಶೆಡ್ಡಿನ ನೆಲದ ಮೇಲೆ ಹೊಸ ಪ್ಲೈವುಡ್ ಹಾಸಿ, ಮಲಗು ಎಂದೆ. ವೆಲ್ಡಿಂಗಿನವನು ಮರ್ಯಾದೆಗೆ ಗೋಡೆಯ ಕಡೆ ತಿರುಗಿ ನಿಂತ. ಅವಳು ನಾಚಿಕೊಂಡು, ಬೈದುಕೊಂಡು, ಕೊನೆಗೆ ಮಲಗಿದಳು. ಕಾಲು ಚಾಚಿದಳು. ನಾನು ಕೆಟ್ಟ ಮೊಣಕಾಲು ಊರಿ, ಸೀಮೆಸುಣ್ಣದಿಂದ ತಲೆಯ ಹತ್ತಿರ ಒಂದು ಗೆರೆ, ಹಿಮ್ಮಡಿಯ ಹತ್ತಿರ ಒಂದು ಗೆರೆ ಎಳೆದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಪೂರ್ತಿ ಕಾಲು ಚಾಚಿ ಮಲಗಿದ್ದನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಮಗಳು ಟೇಪು ಹಿಡಿದು ಐದಡಿ ಆರಿಂಚು ಎಂದು ಕೂಗಿದಳು.

ವೆಲ್ಡಿಂಗಿನವನು ತಿರುಗಿ ನೋಡಿ, "ಅಮ್ಮಾ ಉಂಗಳೈವಿಡ ಉಯರಮ್, ಸಾರ್," ಎಂದ. ಅಮ್ಮ ನಿಮಗಿಂತ ಎತ್ತರ.

"ಗೊತ್ತಪ್ಪಾ," ಎಂದೆ. ಹೆಂಡತಿ ನೆಲದ ಮೇಲೆ ಮಲಗಿದಲ್ಲಿಂದಲೇ ನಕ್ಕುಬಿಟ್ಟಳು. ಒಂದು ವಾರದ ಮೇಲೆ ಕೇಳಿದ ನಗು ಅದು.

ಹಾಸಿಗೆ ಆರೂವರೆ ಅಡಿಯಾಯಿತು. ಬಾಲದಲ್ಲಿ ಒಂದು ಸಣ್ಣ ಗೂಡು ಉಳಿಯಿತು, ಅದರಲ್ಲಿ ಕುಡಿಯುವ ನೀರು ಮಾತ್ರ. ಹಿಂದೆ ಎರಡು ಕಾಲು ಕೊಟ್ಟೆವು. ಭಾರ ಚಕ್ರದ ಮುಂದಕ್ಕೆ ಬಂದು, ಬಾಲ ಅಲ್ಲಾಡುವುದೂ ನಿಂತಿತು. ಮಗಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಮತ್ತೆ ಅದೇ ಕೆರೆ, ಅದೇ ಹುಣಸೆಮರ. ಬೆಳಿಗ್ಗೆ ಹತ್ತಕ್ಕೆ ಅವಳು ದಿಂಬು ಹಿಡಿದು ಒಳಗೆ ಹೋದಳು. ಈ ಸಲ ದಡಬಡ ಇಲ್ಲ. ಅಡಿಗೆಮನೆ ಇಲ್ಲದ ನಾನು ಏನು ಮಾಡಬೇಕೆಂದು ತಿಳಿಯದೆ ಕಲ್ಲಿನ ಮೇಲೆ ಕೂತೆ. ಹನ್ನೊಂದಾಯಿತು. ಒರೆಸಲು ಒಂದು ಮೇಜೂ ಇಲ್ಲವಲ್ಲ ಎಂದು ಕೈ ಚಡಪಡಿಸಿತು. ನಡೆದುಕೊಂಡು ಹೋಗಿ ರಸ್ತೆಯ ತಿರುವಿನ ಅಂಗಡಿಯಲ್ಲಿ ಚಹಾ ಕುಡಿದೆ. ಅಂಥ ಕೆಟ್ಟ ಚಹಾವನ್ನು ನನ್ನ ಹೋಟೆಲಿನಲ್ಲಿ ಕೊಟ್ಟಿದ್ದರೆ ಕೊಟ್ಟವನನ್ನು ಅವತ್ತೇ ಊರಿನ ಬಸ್ಸಿಗೆ ಹತ್ತಿಸುತ್ತಿದ್ದೆ. ಆದರೂ ಅವಳಿಗೆಂದು ಒಂದು ಸ್ಟೀಲ್ ಡಬ್ಬಿಯಲ್ಲಿ ಕಟ್ಟಿಸಿಕೊಂಡು ಬಂದೆ. ಗಾಡಿಯ ಕಿಟಕಿಯಿಂದ ಇಣುಕಿದರೆ ಬಾಯಿ ಸ್ವಲ್ಪ ತೆರೆದು ಮಲಗಿದ್ದಳು. ಚಹಾ ತಣ್ಣಗಾಯಿತು, ಎಬ್ಬಿಸಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಹಿಂದೆ ಉಪ್ಪಿಟ್ಟು ತಿಂದಿದ್ದ ಮೀನಿನವನು ಸೈಕಲ್ಲಿನಲ್ಲಿ ಬಂದ. ದೂರದಿಂದಲೇ ಗಂಟೆ ಬಾರಿಸಿ, "ಅಣ್ಣೇ! ಇನ್ನಿಕ್ಕಿ ಎನ್ನ ಟಿಫನ್?" ಎಂದು ಕೂಗಿದ. ಇವತ್ತೇನು ತಿಂಡಿ ಎಂದು.

ನಾನು ಓಡಿಹೋಗಿ ಬಾಯಿಯ ಮೇಲೆ ಬೆರಳಿಟ್ಟೆ. "ಕಡೈ ಲೀವು," ಎಂದೆ. ಅಂಗಡಿಗೆ ರಜೆ. ಮೂವತ್ತೊಂದು ವರ್ಷದಲ್ಲಿ ನನ್ನ ಬಾಯಿಂದ ಬಾರದ ಮಾತು. ಅವನು ತಲೆಯಾಡಿಸಿ ಹೊರಟುಹೋದ. ಅಷ್ಟರಲ್ಲಿ ಒಳಗೆ ಹಾಸಿಗೆ ಕಿರ್ರೆಂದಿತು.

"ಬಂದೆ," ಎಂದಳು ಹೆಂಡತಿ.

ಕಿಟಕಿಯ ಹತ್ತಿರ ಹೋದೆ. ಕಣ್ಣು ಮುಚ್ಚಿಕೊಂಡೇ ಒಂದು ಮೊಣಕೈ ಊರಿ ಅರ್ಧ ಎದ್ದಿದ್ದಳು.

"ಯಾರೂ ಕರೀಲಿಲ್ಲ, ಮಾರಾಯ್ತಿ," ಎಂದೆ. "ಮಲಗು."

ಮೊಣಕೈ ಸಡಿಲವಾಯಿತು. ಮಗ್ಗುಲು ಬದಲಿಸಿ ಕಾಲು ಚಾಚಿದಳು, ಗೋಡೆ ತಾಗಲಿಲ್ಲ.